ಶಾಹಪುರ ಗುಡ್ಡದ ಹಜರತ್ ಅಮೀನುದ್ದೀನ್ ಆಲಾ: ‘ನಾನು’ ಎಂಬುದನ್ನು ಬಿಟ್ಟ ಬದುಕು

ಗೋಲ್ ಗುಂಬಜ್ ನೋಡಲು ಬಂದವರು ಮೇಲಿನ ಗ್ಯಾಲರಿ ಹತ್ತಿದ ಕೂಡಲೇ ಮಾಡುವ ಮೊದಲ ಕೆಲಸ ಕೂಗುವುದು. ಹೆಚ್ಚಿನವರು ಕೂಗುವುದು ತಮ್ಮದೇ ಹೆಸರನ್ನು. ಆ ಹೆಸರು 7ಕ್ಕೂ ಹೆಚ್ಚು ಸಲ ತಿರುಗಿ ಬಂದು ಕಿವಿಗೆ ಬೀಳುತ್ತದೆ. ನಾನೂ ಕೂಗಿದ್ದೇನೆ. ತಿಕೋಟಾ, ಬಬಲೇಶ್ವರದಿಂದ ದಿನಾ ಬಸ್ಸಿನಲ್ಲಿ ಬರುವ ನಮ್ಮ ತರಗತಿಯ ಗೆಳೆಯರೂ ಕೂಗಿದ್ದಾರೆ. ತನ್ನ ಹೆಸರನ್ನು ಇಷ್ಟು ದೊಡ್ಡ ಗುಮ್ಮಟ ಮತ್ತೆ ಮತ್ತೆ ಹೇಳುವುದನ್ನು ಕೇಳಿದರೆ ಯಾರಿಗಾದರೂ ಖುಷಿಯಾಗುತ್ತದೆ.

ಈ ಗುಮ್ಮಟವನ್ನು ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹ 1627ರಿಂದ 1656ರವರೆಗೆ ಆಳಿದ. ನಗರದ ಪೂರ್ವದಲ್ಲಿ ಕಲ್ಲಿನ ಮೇಲೆ ಕಲ್ಲು ಏರುತ್ತಿದ್ದ ಅದೇ ವರ್ಷಗಳಲ್ಲಿ, ನಗರದ ಪಶ್ಚಿಮಕ್ಕೆ ಶಾಹಪುರದ ಎತ್ತರದ ನೆಲದಲ್ಲಿ ಒಬ್ಬರು ಕುಳಿತು ಇದಕ್ಕೆ ಪೂರ್ತಿ ಉಲ್ಟಾ ಪಾಠ ಹೇಳುತ್ತಿದ್ದರು. ಮನುಷ್ಯನ ಒಳಗೆ ಹಗಲು ರಾತ್ರಿ ಕೂಗುತ್ತಿರುವ ‘ನಾನು’ ಎಂಬ ಧ್ವನಿಯನ್ನು ಸುಮ್ಮನಾಗಿಸುವುದು ಹೇಗೆ ಎಂಬುದೇ ಆ ಪಾಠ. ಅವರ ಹೆಸರು ಹಜರತ್ ಶಾಹ ಅಮೀನುದ್ದೀನ್ ಆಲಾ. ಅವರ ದರ್ಗಾದ ಬಿಳಿ ಗುಮ್ಮಟವನ್ನು ನಮ್ಮಲ್ಲಿ ಬಹಳ ಜನ ದೂರದಿಂದ ನೋಡಿದ್ದೇವೆ. ಅವರ ಬದುಕು ಗೊತ್ತಿರುವವರು ಕಡಿಮೆ.

ದರ್ಗಾಕ್ಕೆ ಹೋಗಬೇಕೋ ಬೇಡವೋ ಎಂಬ ವಿಷಯದಲ್ಲಿ ನಮ್ಮ ಮನೆಗಳಲ್ಲೇ ಭಿನ್ನ ಅಭಿಪ್ರಾಯಗಳಿವೆ. ಈ ಲೇಖನ ಆ ಚರ್ಚೆಗೆ ಹೋಗುವುದಿಲ್ಲ. ನಮಾಜಿಗೆ ನಿಂತಾಗ ಮನಸ್ಸು ಎಲ್ಲೆಲ್ಲೋ ಓಡುವ ಅನುಭವ ಯಾರಿಗೆ ಇದೆಯೋ ಅವರೆಲ್ಲರಿಗೂ ಈ ಬದುಕಿನಲ್ಲಿ ಕಲಿಯುವ ಸಂಗತಿ ಇದೆ ಎಂದು ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ಅಜ್ಜ ಮೀರಾಂಜಿ

ಅಮೀನುದ್ದೀನರ ಕಥೆ ಅವರ ಅಜ್ಜನಿಂದ ಶುರುವಾಗುತ್ತದೆ. ಕಲಬುರಗಿಯ ಹಜರತ್ ಖ್ವಾಜಾ ಬಂದೇ ನವಾಜ್ ಗೇಸೂದರಾಜ್ ನಮಗೆಲ್ಲ ಗೊತ್ತು. ದೆಹಲಿಯಿಂದ ದಖ್ಖನಿಗೆ ಬಂದು, ಕಲಬುರಗಿಯಲ್ಲಿ ನೆಲೆಸಿ, 1422ರಲ್ಲಿ ತೀರಿಕೊಂಡವರು. ಅವರ ಶಿಷ್ಯ ಜಮಾಲುದ್ದೀನ್ ಮಗ್ರಿಬಿ. ಅವರ ಶಿಷ್ಯ ಕಮಾಲುದ್ದೀನ್ ಬಿಯಾಬಾನಿ. ಕಮಾಲುದ್ದೀನರ ಶಿಷ್ಯ ಮೀರಾಂಜಿ ಶಮ್ಸುಲ್ ಉಶ್ಶಾಖ್. ಈ ಬಿರುದಿಗೆ ಪ್ರೇಮಿಗಳ ಸೂರ್ಯ ಎಂದು ಅರ್ಥ. ಇಲ್ಲಿ ಪ್ರೇಮ ಎಂದರೆ ಅಲ್ಲಾಹನ ಮೇಲಿನ ಪ್ರೇಮ. ಹೀಗೆ ಚಿಶ್ತಿ ಪರಂಪರೆಯ ಒಂದು ಕೊಂಬೆ ಕಲಬುರಗಿಯಿಂದ ಬಿಜಾಪುರಕ್ಕೆ ಚಾಚಿತು.

ಪರಂಪರೆಯವರು ಹೇಳುವ ಕಥೆ ಹೀಗಿದೆ. ಮೀರಾಂಜಿ ಅರಬ್ ನಾಡಿನಲ್ಲಿದ್ದಾಗ ಮದೀನಾದಲ್ಲಿ ಅವರಿಗೆ ದಖ್ಖನಿಗೆ ಹೋಗು ಎಂಬ ಆದೇಶ ಕನಸಿನಲ್ಲಿ ಬಂತು. ಅಲ್ಲಿಯ ಭಾಷೆ ತನಗೆ ಬಾರದು ಎಂದು ಅವರು ಹಿಂಜರಿದರು. ಭಾಷೆ ಬರುತ್ತದೆ, ಹೊರಡು ಎಂಬ ಭರವಸೆ ಸಿಕ್ಕಿತು. ಅವರು ಬಂದರು, ಭಾಷೆಯೂ ಬಂತು. ಇದು ಭಕ್ತರು ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ. ಆದರೆ ಮೀರಾಂಜಿ ನಮ್ಮ ನೆಲದ ಮಾತಿನಲ್ಲಿ ಬರೆದದ್ದು ಇತಿಹಾಸ. ಖುಶ್‌ನಾಮಾ, ಖುಶ್‌ನಗ್ಜ್, ಶಹಾದತುಲ್ ಹಖೀಖತ್ ಎಂಬ ಅವರ ಪದ್ಯಕೃತಿಗಳು ದಖ್ಖನಿ ಭಾಷೆಯಲ್ಲಿವೆ. ಖುಶ್‌ನಾಮಾದಲ್ಲಿ ಆಟ, ಒಡವೆಗಳಲ್ಲಿ ಮನಸ್ಸಿಲ್ಲದೆ ದೇವರನ್ನು ಹುಡುಕುವ ಒಬ್ಬ ಹುಡುಗಿ ಬರುತ್ತಾಳೆ. ದೊಡ್ಡ ವಿದ್ವಾಂಸನನ್ನು ಬಿಟ್ಟು ಒಬ್ಬ ಹುಡುಗಿಯನ್ನು ಕಥೆಯ ನಡುವೆ ನಿಲ್ಲಿಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಆಗ ಓದಿದವರ ಭಾಷೆ ಅರಬ್ಬಿ ಮತ್ತು ಫಾರಸಿ. ಧರ್ಮದ ಆಳವಾದ ವಿಷಯವನ್ನು ಬಜಾರಿನ, ಅಡುಗೆ ಮನೆಯ ಮಾತಿನಲ್ಲಿ ಬರೆಯುವುದನ್ನು ಕೀಳು ಎಂದು ತಿಳಿಯುವ ಜನ ಇದ್ದರು. ಮೀರಾಂಜಿ ತಮ್ಮ ಪದ್ಯದಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಅರಬ್ಬಿ, ಫಾರಸಿ ಬಾರದ ಜನಕ್ಕೂ ಸತ್ಯ ಬೇಕಾಗಿದೆ, ಆದ್ದರಿಂದ ಹೊರಗಿನ ಮಾತನ್ನು ನೋಡದೆ ಒಳಗಿನ ಅರ್ಥವನ್ನು ನೋಡಬೇಕು ಎಂಬುದು ಅದರ ಸಾರ. 1500ಕ್ಕೆ ಸ್ವಲ್ಪ ಮುಂಚೆ ಅವರು ತೀರಿಕೊಂಡರು. ಶಾಹಪುರದ ಗುಡ್ಡದಲ್ಲೇ ಅವರ ಸಮಾಧಿ ಇದೆ.

ತಂದೆ ಬುರ್ಹಾನುದ್ದೀನ್ ಜಾನಂ

ಮೀರಾಂಜಿಯವರ ಮಗ ಬುರ್ಹಾನುದ್ದೀನ್ ಜಾನಂ. ತಂದೆಯ ಕೆಲಸವನ್ನು ಅವರು ಇನ್ನೂ ದೊಡ್ಡದು ಮಾಡಿದರು. 1582ರಲ್ಲಿ ಬರೆದ ಇರ್ಶಾದ್‌ನಾಮಾ ಅವರ ಮುಖ್ಯ ಪದ್ಯಕೃತಿ. ಕಲಿಮತುಲ್ ಹಖಾಯಿಖ್ ಎಂಬುದು ಗದ್ಯ. ಗುರು ಶಿಷ್ಯರ ನಡುವಿನ ಪ್ರಶ್ನೆ ಮತ್ತು ಉತ್ತರದ ರೂಪದಲ್ಲಿ ಅದು ಸಾಗುತ್ತದೆ. ದಖ್ಖನಿ ಗದ್ಯದ ಹಳೆಯ ಪುಸ್ತಕಗಳಲ್ಲಿ ಅದು ಒಂದು. ಇಂದು ಉರ್ದು ಸಾಹಿತ್ಯದ ಚರಿತ್ರೆ ಬರೆಯುವ ಯಾರೂ ಶಾಹಪುರದ ಗುಡ್ಡವನ್ನು ದಾಟಿ ಹೋಗಲು ಆಗುವುದಿಲ್ಲ.

ಆಗ ಬಿಜಾಪುರದಲ್ಲಿ ಎರಡನೆಯ ಇಬ್ರಾಹೀಂ ಆದಿಲ್ ಶಾಹನ ಆಳ್ವಿಕೆ. ಸಂಗೀತ, ಚಿತ್ರಕಲೆ, ಕಾವ್ಯ ಎಲ್ಲಕ್ಕೂ ದರ್ಬಾರಿನಲ್ಲಿ ಮನ್ನಣೆ ಇತ್ತು. ಬಾದಶಹನೇ ದಖ್ಖನಿಯಲ್ಲಿ ಕಿತಾಬ್-ಎ-ನೌರಸ್ ಬರೆದ. ಗುಡ್ಡದ ಮೇಲಿನವರು ಬರೆದದ್ದು ಬೇರೆ ಓದುಗರಿಗಾಗಿ. ಅವರ ಮುಂದೆ ಕುಳಿತಿದ್ದವರು ಮಾರ್ಗ ಕೇಳಿಕೊಂಡು ಬಂದ ಸಾಮಾನ್ಯ ಶಿಷ್ಯರು.

ತಂದೆಯನ್ನು ಕಾಣದ ಮಗ

ಬುರ್ಹಾನುದ್ದೀನ್ ಜಾನಂ ತೀರಿಕೊಂಡ ಮೇಲೆ ಅಮೀನುದ್ದೀನ್ ಹುಟ್ಟಿದರು ಎಂದು ಪರಂಪರೆ ಹೇಳುತ್ತದೆ. ಅಂದರೆ ಅವರು ತಂದೆಯ ಮುಖ ನೋಡಲಿಲ್ಲ. ತಂದೆಯ ಧ್ವನಿ ಕೇಳಲಿಲ್ಲ. ಹುಟ್ಟುವಾಗಲೇ ಅವರಿಗೆ ದೊಡ್ಡ ಹೆಸರಿತ್ತು. ಮೀರಾಂಜಿಯ ಮೊಮ್ಮಗ, ಜಾನಂ ಅವರ ಮಗ. ಆದರೆ ಆ ಹೆಸರಿನ ಒಳಗಿನ ವಿದ್ಯೆ ಕೈಯಲ್ಲಿರಲಿಲ್ಲ.

ಸೂಫಿಗಳಲ್ಲಿ ಗುರುವಿನ ಅನುಮತಿಯನ್ನು ಖಿಲಾಫತ್ ಎನ್ನುತ್ತಾರೆ. ಗುರುವಿನ ಮುಂದೆ ಕುಳಿತು, ಕಲಿತು, ಅಭ್ಯಾಸ ಮಾಡಿ, ನಂತರ ಅದನ್ನು ಪಡೆಯಬೇಕು. ಬುರ್ಹಾನುದ್ದೀನರ ಶಿಷ್ಯ ಶೇಖ್ ಮಹಮೂದ್ ಖುಶ್‌ದಹನ್ ಗುರುವಿನಿಂದ ಪಡೆದದ್ದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಅಮೀನುದ್ದೀನ್ ಬೆಳೆದಾಗ ಅದನ್ನು ಅವರಿಗೆ ಒಪ್ಪಿಸಿದರು. ತಂದೆಯ ಮನೆಯ ಗಂಟು ತಂದೆಯ ಶಿಷ್ಯನ ಕೈಯಿಂದ ಮಗನಿಗೆ ಬಂತು.

ಈ ಸಂಗತಿ ನನಗೆ ಬಹಳ ಹಿಡಿಸಿತು. ದೊಡ್ಡ ಮನೆಯ ಮಗ ತನ್ನ ಮನೆಯವರದೇ ವಿದ್ಯೆಯನ್ನು ಪಡೆಯಲು ಮನೆಯ ಶಿಷ್ಯನ ಮುಂದೆ ಮೊಣಕಾಲೂರಿ ಕೂರಬೇಕಾಯಿತು. ‘ನಾನು ಇಂಥವರ ಮಗ’ ಎಂಬ ಮಾತನ್ನು ಬದಿಗಿಟ್ಟರೆ ಮಾತ್ರ ಇದು ಸಾಧ್ಯ. ಅವರು ಮುಂದೆ ಇತರರಿಗೆ ಕಲಿಸಿದ ಪಾಠದ ಮೊದಲ ಪುಟವನ್ನು ಹುಡುಗನಾಗಿದ್ದಾಗಲೇ ಬದುಕಿ ನೋಡಿದರು.

ಫನಾ ಎಂದರೇನು

ಅಮೀನುದ್ದೀನರ ಉಪದೇಶವನ್ನು ಅರ್ಥ ಮಾಡಿಕೊಳ್ಳಲು ಒಂದೆರಡು ಪದ ತಿಳಿಯಬೇಕು. ಮೊದಲನೆಯದು ನಫ್ಸ್. ನನಗೆ ಬೇಕು, ನನ್ನದು, ನನ್ನಿಂದ ಆಯಿತು ಎನ್ನುತ್ತಿರುವ ಒಳಗಿನ ಸ್ವಾರ್ಥವೇ ನಫ್ಸ್. ಎರಡನೆಯದು ಫನಾ. ಅಲ್ಲಾಹನ ಸ್ಮರಣೆಯಲ್ಲಿ ಈ ನಫ್ಸ್ ಕರಗಿಹೋಗುವುದೇ ಫನಾ. ಮೂರನೆಯದು ಬಖಾ. ಹಾಗೆ ಕರಗಿದ ಮೇಲೆ ಅಲ್ಲಾಹನ ಇಚ್ಛೆಯಂತೆ ಲೋಕದಲ್ಲಿ ಉಳಿಯುವುದು, ಕೆಲಸ ಮಾಡುವುದು ಬಖಾ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಆಗುವ ಸಾಧ್ಯತೆ ಇದೆ. ಫನಾ ಎಂದರೆ ಮನುಷ್ಯ ದೇವರಾಗಿಬಿಡುವುದು ಎಂದು ಕೆಲವರು ತಿಳಿಯುತ್ತಾರೆ. ದಾಸ ದಾಸನಾಗಿಯೇ ಉಳಿಯುತ್ತಾನೆ, ಒಡೆಯ ಒಡೆಯನೇ. ದಾಸನಿಗೆ ತನ್ನ ಮೇಲಿದ್ದ ಗಮನ ಮಾತ್ರ ಹೋಗುತ್ತದೆ. ಪರೀಕ್ಷೆಯಲ್ಲಿ ಒಂದು ಕಷ್ಟದ ಲೆಕ್ಕ ಮಾಡುತ್ತಿರುವಾಗ ಪಕ್ಕದಲ್ಲಿ ಫ್ಯಾನ್ ಸದ್ದು ಮಾಡುತ್ತಿದೆ ಎಂಬುದು ನಮಗೆ ಕೇಳಿಸುವುದಿಲ್ಲ. ಫ್ಯಾನ್ ಅಲ್ಲೇ ಇರುತ್ತದೆ. ಸಣ್ಣ ಕೆಲಸದಲ್ಲೇ ಹೀಗಾಗುವುದಾದರೆ, ಎಲ್ಲಕ್ಕಿಂತ ದೊಡ್ಡವನ ಸ್ಮರಣೆಯಲ್ಲಿ ‘ನಾನು’ ಎಂಬ ಸದ್ದು ನಿಲ್ಲುವುದು ಆಶ್ಚರ್ಯವಲ್ಲ.

ಅದಕ್ಕೆ ದಾರಿ ಜಿಕ್ರ್, ಅಂದರೆ ಸ್ಮರಣೆ. ಈ ಪರಂಪರೆಯಲ್ಲಿ ಜಿಕ್ರ್‌ಗೆ ಮೆಟ್ಟಿಲುಗಳಿವೆ. ಜಲಿ ಎಂದರೆ ನಾಲಿಗೆಯಿಂದ ಧ್ವನಿ ಮಾಡಿ ಹೇಳುವುದು. ಖಲ್ಬಿ ಎಂದರೆ ಹೃದಯದಿಂದ ಮಾಡುವುದು. ರೂಹಿ ಎಂದರೆ ಆತ್ಮದಿಂದ. ಸಿರ್ರಿ ಎಂದರೆ ಇನ್ನೂ ಒಳಗಿನ ಗುಟ್ಟಿನ ಜಾಗದಿಂದ. ಕೊನೆಯದು ಖಫಿ, ಪೂರ್ತಿ ಮರೆಯಾದದ್ದು. ಮೆಟ್ಟಿಲು ಏರುತ್ತ ಹೋದಂತೆ ಧ್ವನಿ ಕಡಿಮೆಯಾಗುತ್ತದೆ. ಹೇಳುವವನ ಕಡೆಗಿದ್ದ ಗಮನವೂ ಕಡಿಮೆಯಾಗುತ್ತದೆ. ಕೊನೆಗೆ ಸ್ಮರಣೆ ಉಳಿಯುತ್ತದೆ, ನಾನು ಸ್ಮರಿಸುತ್ತಿದ್ದೇನೆ ಎಂಬ ಹೆಮ್ಮೆ ಉಳಿಯುವುದಿಲ್ಲ.

ಅಮೀನುದ್ದೀನರ ವಿಶೇಷತೆ ಎಂದರೆ ಪಂಚಭೂತ ಮತ್ತು 25 ಗುಣಗಳ ಲೆಕ್ಕ. ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶ ಎಂಬ 5 ಭೂತಗಳು, ಒಂದೊಂದಕ್ಕೂ 5 ಗುಣಗಳು. ದೇಹದಲ್ಲಿ ಕಾಣುವುದೆಲ್ಲ ಈ 25ರಲ್ಲಿ ಬರುತ್ತದೆ. ಉದಾಹರಣೆಗೆ ಎಲುಬು ಮತ್ತು ಚರ್ಮ ಮಣ್ಣಿಗೆ ಸೇರಿದವು, ಬೆವರು ನೀರಿಗೆ, ಹಸಿವು ಬೆಂಕಿಗೆ. ಸಾಧಕ ಒಬ್ಬನೇ ಕುಳಿತು ಒಂದೊಂದನ್ನೂ ನೋಡುತ್ತ, ಇದು ನನ್ನದಲ್ಲ, ಇದು ಮಣ್ಣಿನದು, ಇದು ನೀರಿನದು ಎಂದು ಬಿಡಿಸುತ್ತ ಹೋಗಬೇಕು. ಎಲ್ಲವನ್ನೂ ಬಿಡಿಸಿದ ಮೇಲೆ ‘ನನ್ನದು’ ಎಂದು ಹಿಡಿದುಕೊಳ್ಳಲು ಕೈಯಲ್ಲಿ ಏನೂ ಇರುವುದಿಲ್ಲ.

ಈ ಪಂಚಭೂತದ ಮಾತು ನಮ್ಮ ನಾಡಿನ ಯೋಗಿಗಳಿಗೂ ಶರಣರಿಗೂ ಗೊತ್ತಿದ್ದದ್ದೇ. ಬಸವಣ್ಣನವರ ಬಾಗೇವಾಡಿ ಇರುವುದು ನಮ್ಮ ಜಿಲ್ಲೆಯಲ್ಲೇ. 12ನೇ ಶತಮಾನದ ಶರಣರು ಸಂಸ್ಕೃತ ಬಿಟ್ಟು ಕನ್ನಡದಲ್ಲಿ ಆಡಿದರು. ‘ನಾನು’ ಎಂಬುದು ಅಳಿಯಬೇಕು ಎಂದು ಅವರೂ ಹೇಳಿದರು. ಅಮೀನುದ್ದೀನ್ ತೌಹೀದ್ ಬಿಟ್ಟು ಕದಲಲಿಲ್ಲ. ಆದರೆ ಅದನ್ನು ವಿವರಿಸಲು ಈ ನೆಲದವರಿಗೆ ಗೊತ್ತಿದ್ದ ಪದಗಳನ್ನು ಬಳಸಲು ಹಿಂಜರಿಯಲಿಲ್ಲ. ಅವರ ಹೆಸರಿನಲ್ಲಿ ಮುಹಿಬ್‌ನಾಮಾ, ರುಮೂಜುಸ್ಸಾಲಿಕೀನ್ ಎಂಬ ಪದ್ಯಕೃತಿಗಳೂ ಗಂಜ್-ಎ-ಮಖ್ಫಿ ಎಂಬ ಗದ್ಯವೂ ಇವೆ. ಗಂಜ್-ಎ-ಮಖ್ಫಿ ಎಂದರೆ ಮರೆಯಾಗಿರುವ ನಿಧಿ.

ವಾಣಿಜ್ಯದ ವಿದ್ಯಾರ್ಥಿಗೆ ಅರ್ಥವಾದದ್ದು

ನನಗೆ ಇದು ಮೊದಲು ಅರ್ಥವಾಗಲಿಲ್ಲ. ಎಲುಬು ಮಣ್ಣಿನದಾದರೂ ಸದ್ಯಕ್ಕೆ ಅದು ನನ್ನ ಮೈಯಲ್ಲೇ ಇದೆಯಲ್ಲ ಎನ್ನಿಸಿತು. ಕೊನೆಗೆ ಅರ್ಥವಾದದ್ದು ಲೆಕ್ಕಶಾಸ್ತ್ರದ ಪುಸ್ತಕದಿಂದ. ಪ್ರಥಮ ಪಿಯುಸಿಯಲ್ಲಿ ನಮಗೆ ಕಲಿಸುವ ಒಂದು ತತ್ವ ಇದೆ. ವ್ಯಾಪಾರ ಬೇರೆ, ಅದರ ಮಾಲೀಕ ಬೇರೆ. ಆದ್ದರಿಂದ ಮಾಲೀಕ ಹಾಕಿದ ಬಂಡವಾಳ ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆಗಳ ಕಡೆಗೆ ಬರುತ್ತದೆ. ಇದನ್ನು ಮೊದಲ ಸಲ ಕೇಳಿದಾಗ ನಮ್ಮ ತರಗತಿಯ ಎಲ್ಲರೂ ಗೊಂದಲಕ್ಕೆ ಬಿದ್ದಿದ್ದೆವು. ಬಂಡವಾಳ ಇದ್ದರೆ ಅದು ಆಸ್ತಿ ಅಲ್ಲವೇ, ಸಾಲದ ಸಾಲಿನಲ್ಲಿ ಯಾಕೆ ಬರೆಯಬೇಕು ಎಂದು ಕೇಳಿದ್ದೆವು. ಅಂಗಡಿಯಲ್ಲಿ ಎಷ್ಟೇ ಸರಕು ತುಂಬಿದ್ದರೂ ಅಂಗಡಿ ಅದನ್ನು ತನ್ನ ಮಾಲೀಕನಿಗೆ ಕೊಡಬೇಕಾಗಿದೆ ಎಂಬುದೇ ಇದಕ್ಕೆ ಉತ್ತರ.

ಅಮೀನುದ್ದೀನ್ ಮನುಷ್ಯನಿಗೆ ಹೇಳಿದ್ದೂ ಇದನ್ನೇ. ಕಣ್ಣು, ಕೈ, ಬುದ್ಧಿ, ಆಯುಷ್ಯ ಎಲ್ಲವೂ ಆಸ್ತಿಯ ಕಡೆ ಕಾಣುತ್ತವೆ. ಆದರೆ ಅವು ಮಾಲೀಕನು ಹಾಕಿದ ಬಂಡವಾಳ. ನಾವು ಅಂಗಡಿ ಇದ್ದಂತೆ. ಅಂಗಡಿ ಎದ್ದು ನಿಂತು ಇದೆಲ್ಲ ನನ್ನದು ಎಂದರೆ ಲೆಕ್ಕ ಹೊಂದುವುದಿಲ್ಲ. ಅಂಗಡಿ ಬಾಗಿಲು ಮುಚ್ಚಬೇಕು ಎಂದು ಈ ಮಾತಿಗೆ ಅರ್ಥವಿಲ್ಲ. ವ್ಯಾಪಾರ ನಡೆಯಬೇಕು, ಆದರೆ ಯಾರಿಗಾಗಿ ನಡೆಯುತ್ತಿದೆ ಎಂಬುದು ಮರೆಯಬಾರದು. ಫನಾ ಮತ್ತು ಬಖಾ ಎರಡೂ ಯಾಕೆ ಬೇಕು ಎಂಬುದು ಆಗ ನನಗೆ ಹೊಳೆಯಿತು.

ಸೆಳೆತಕ್ಕೆ ಸಿಕ್ಕವರು

ಅಮೀನುದ್ದೀನರನ್ನು ಮಜ್ಜೂಬರಲ್ಲಿ ಎಣಿಸುತ್ತಾರೆ. ಮಜ್ಜೂಬ್ ಎಂದರೆ ದೈವದ ಸೆಳೆತಕ್ಕೆ ಸಿಕ್ಕವನು. ಹೊರಗಿನ ಪರಿವೆ ಇಲ್ಲದೆ ಧ್ಯಾನದಲ್ಲಿ ಮುಳುಗಿರುವುದು ಇಂಥವರ ಗುರುತು. ಇಂಥವರನ್ನು ಜನ ಪ್ರೀತಿಸುತ್ತಾರೆ, ಉಲಮಾಗಳು ಅನುಮಾನದಿಂದ ನೋಡುತ್ತಾರೆ. ಎಲ್ಲ ಕಾಲದಲ್ಲೂ ಹೀಗೇ ನಡೆದಿದೆ. ಉಲಮಾಗಳ ಪ್ರಶ್ನೆಯಲ್ಲೂ ನ್ಯಾಯವಿದೆ. ತನ್ನನ್ನೇ ಮರೆತವನು ಫರ್ಜ್ ನಮಾಜನ್ನು ಮರೆತರೆ ಏನು ಗತಿ? ಮನೆ, ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಆಲಸ್ಯಕ್ಕೆ ಫನಾ ಎಂದು ಹೆಸರಿಟ್ಟು ಓಡಾಡುವವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಈ ಪರಂಪರೆ ಅದಕ್ಕೆ ಕೊಟ್ಟ ಉತ್ತರ ಮೆಟ್ಟಿಲುಗಳ ರೂಪದಲ್ಲಿದೆ. ಶರೀಅತ್ ಮೊದಲ ಮೆಟ್ಟಿಲು. ನಂತರ ತರೀಖತ್, ಹಖೀಖತ್, ಮಾರಿಫತ್. ಮೊದಲ ಮೆಟ್ಟಿಲನ್ನು ಕಿತ್ತರೆ ಮೇಲಿನವು ನಿಲ್ಲುವುದಿಲ್ಲ. ಸುಮ್ಮನೆ ಕಣ್ಣು ಮುಚ್ಚಿ ಕುಳಿತದ್ದನ್ನು ಈ ಪರಂಪರೆ ಸಾಧನೆ ಎಂದು ಒಪ್ಪಿಕೊಳ್ಳಲಿಲ್ಲ. ಅಮೀನುದ್ದೀನರ ಬದುಕನ್ನು ನೋಡಿದರೂ, ಅವರು ಬರೆದರು, ಶಿಷ್ಯರನ್ನು ತಯಾರು ಮಾಡಿದರು, ಅಜ್ಜನ ಗುಡ್ಡವನ್ನು ಬಿಟ್ಟು ಹೋಗಲಿಲ್ಲ. ಧ್ಯಾನದಲ್ಲಿ ಮುಳುಗಿದವರು ತಿರುಗಿ ಬಂದು ಕಲಿಸಿದ್ದಾರೆ. ಬರದೇ ಹೋಗಿದ್ದರೆ ಇಂದು ನಮಗೆ ಅವರ ಒಂದು ಮಾತೂ ಸಿಗುತ್ತಿರಲಿಲ್ಲ.

ಶಿಷ್ಯರು ಮತ್ತು ಬೀಸುಕಲ್ಲು

ಅವರ ಶಿಷ್ಯರಲ್ಲಿ ಮೀರಾಂಜಿ ಖುದಾನುಮಾ ಪ್ರಸಿದ್ಧರು. ಅವರು ಗೋಲ್ಕೊಂಡದ ಕುತುಬ್ ಶಾಹಿ ಸರಕಾರದ ನೌಕರಿಯಲ್ಲಿದ್ದವರು. ಬಿಜಾಪುರಕ್ಕೆ ಬಂದಾಗ ಅಮೀನುದ್ದೀನರನ್ನು ಕಂಡು ಶಿಷ್ಯರಾದರು. ಮುಂದೆ ಹಮದಾನಿಯ ತಮ್‌ಹೀದಾತ್ ಎಂಬ ಕಠಿಣ ಸೂಫಿ ಗ್ರಂಥವನ್ನು ದಖ್ಖನಿ ಗದ್ಯಕ್ಕೆ ತಂದರು. ಸರಕಾರಿ ನೌಕರರೊಬ್ಬರು ಹೀಗೆ ಗುಡ್ಡದ ಪಾಠವನ್ನು ಹೈದರಾಬಾದಿನವರೆಗೆ ಒಯ್ದರು.

ಈ ಪರಂಪರೆಯ ಸೂಫಿಗಳು ಮಾಡಿದ ಇನ್ನೊಂದು ಕೆಲಸ ಚಕ್ಕಿನಾಮಾ. ಚಕ್ಕಿ ಎಂದರೆ ಬೀಸುಕಲ್ಲು. ಹೆಂಗಸರು ನಸುಕಿನಲ್ಲಿ ಜೋಳ ಬೀಸುವಾಗ ಹಾಡಿಕೊಳ್ಳಲು ಕಟ್ಟಿದ ಪದಗಳು ಇವು. ಕಲ್ಲಿನ ಗೂಟ, ಹಿಡಿಕೆ, ತಿರುಗುವಿಕೆ ಎಲ್ಲವನ್ನೂ ದೀನಿನ ಮಾತಿಗೆ ಜೋಡಿಸಿ ಹಾಡು ಮಾಡಿದರು. ನೂಲುವಾಗ ಹಾಡುವ ಚರಖಾನಾಮಾ, ಮಗು ಮಲಗಿಸುವ ಲೋರಿನಾಮಾಗಳೂ ಇವೆ. ಅಮೇರಿಕದ ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಬಿಜಾಪುರದ ಸೂಫಿಗಳ ಮೇಲೆ ಪ್ರಕಟಿಸಿದ ಪುಸ್ತಕದಲ್ಲಿ ಈ ಹಾಡುಗಳಿಗೆ ದೊಡ್ಡ ಜಾಗ ಕೊಟ್ಟಿದ್ದಾರೆ. ಇಲ್ಲಿಯ ಸಾಮಾನ್ಯ ಮನೆಗಳೊಳಗೆ ದೀನಿನ ಮಾತು ಹೋದದ್ದು ಮುಖ್ಯವಾಗಿ ಹೆಂಗಸರ ಈ ಹಾಡುಗಳಿಂದ ಎಂದು ಅವರು ವಾದಿಸುತ್ತಾರೆ.

ಇದನ್ನು ಓದಿದ ಮೇಲೆ ರಜೆಯಲ್ಲಿ ತಿಕೋಟಾದ ನಾನಿಯ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಹಳೆಯ ಬೀಸುಕಲ್ಲಿನ ಮೇಲಿನ ಭಾಗ ಮಾತ್ರ ಇದೆ, ಅದರಲ್ಲಿ ಕೋಳಿಗಳಿಗೆ ಕಾಳು ಹಾಕುತ್ತಾರೆ. ಬೀಸುವಾಗ ಏನು ಹಾಡುತ್ತಿದ್ದೆ ಎಂದು ನಾನಿಯನ್ನು ಕೇಳಿದೆ. ಪದಗಳು ಅವಳಿಗೆ ಪೂರ್ತಿ ನೆನಪಾಗಲಿಲ್ಲ. ಆದರೆ ಅವಳು ಒಂದು ಮಾತು ಹೇಳಿದಳು. ಹಾಡು ಹಿಡಿದ ಮೇಲೆ ತಾನು ಬೀಸುತ್ತಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತಂತೆ. ಕೈ ನೋಯುವುದು ಗೊತ್ತಾಗುತ್ತಿರಲಿಲ್ಲ. ನೋಡಿದರೆ ಹಿಟ್ಟಿನ ರಾಶಿ ಬಿದ್ದಿರುತ್ತಿತ್ತಂತೆ. ನಾನಿ ಶಾಲೆಗೆ ಹೋದವಳಲ್ಲ, ಫನಾ ಎಂಬ ಪದ ಕೇಳಿದವಳಲ್ಲ. ನಾನು ಪುಸ್ತಕ ಓದಿ ತಿಳಿಯಲು ಕಷ್ಟಪಟ್ಟದ್ದನ್ನು ಅವಳು ರೊಟ್ಟಿಯ ಹಿಟ್ಟು ಮಾಡುತ್ತ ಕಂಡಿದ್ದಳು.

ಬಬಲೇಶ್ವರದ ನನ್ನ ಗೆಳೆಯನೊಬ್ಬನ ಅಜ್ಜಿಯೂ ಬೀಸುವಾಗ ಹಾಡುತ್ತಿದ್ದರಂತೆ, ಕನ್ನಡದಲ್ಲಿ. ನಮ್ಮ ಜಿಲ್ಲೆಯ ಹಲಸಂಗಿ ಗೆಳೆಯರು ಇಂಥ ಬೀಸುಕಲ್ಲಿನ ಪದಗಳನ್ನು ಕೂಡಿಸಿ ‘ಗರತಿಯ ಹಾಡು’ ಎಂಬ ಪುಸ್ತಕ ಮಾಡಿದ್ದಾರೆ. ಎರಡೂ ಮನೆಗಳಲ್ಲಿ ಕಲ್ಲು ಒಂದೇ, ಜೋಳ ಒಂದೇ, ನಸುಕು ಒಂದೇ.

ಕೊನೆಯ ದಿನಗಳು

ಅಮೀನುದ್ದೀನರ ವೃದ್ಧಾಪ್ಯದಲ್ಲಿ ಬಿಜಾಪುರದ ರಾಜ್ಯ ಕುಸಿಯುತ್ತಿತ್ತು. 1656ರಲ್ಲಿ ಮುಹಮ್ಮದ್ ಆದಿಲ್ ಶಾಹ ತೀರಿಕೊಂಡು ತಾನು ಕಟ್ಟಿಸಿದ ಗುಮ್ಮಟದ ಕೆಳಗೆ ಮಲಗಿದ. ಎರಡನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ ಒಂದು ಕಡೆ ಮರಾಠರು, ಇನ್ನೊಂದು ಕಡೆ ಮೊಗಲರು ಒತ್ತಿದರು. 1672ರಲ್ಲಿ ಅವನೂ ತೀರಿದಾಗ ಚಿಕ್ಕ ಮಗು ಸಿಕಂದರನನ್ನು ತಖ್ತಿನ ಮೇಲೆ ಕೂರಿಸಿದರು. ಅಧಿಕಾರಕ್ಕಾಗಿ ಸರದಾರರು ತಮ್ಮತಮ್ಮಲ್ಲೇ ಕಾದಾಡಿದರು.

ಈ ಗದ್ದಲದ ನಡುವೆ 1675ರಲ್ಲಿ ಹಜರತ್ ಅಮೀನುದ್ದೀನ್ ಆಲಾ ಶಾಹಪುರದಲ್ಲಿ ಕಣ್ಣು ಮುಚ್ಚಿದರು. ಅದಾದ 11 ವರ್ಷಗಳಿಗೆ, 1686ರಲ್ಲಿ, ಔರಂಗಜೇಬನ ಸೈನ್ಯದ ಮುಂದೆ ನಗರ ಶರಣಾಯಿತು. ಸುಮಾರು 200 ವರ್ಷಗಳ ಆದಿಲ್ ಶಾಹಿ ಮುಗಿಯಿತು. ದರ್ಬಾರು ಹೋಯಿತು, ದರ್ಬಾರನ್ನು ನಂಬಿದ್ದ ಕವಿಗಳು, ಸಂಗೀತಗಾರರು ಚದುರಿಹೋದರು. ಗುಡ್ಡದ ಪಾಠಕ್ಕೆ ಇದರಿಂದ ಧಕ್ಕೆಯಾಗಲಿಲ್ಲ. ಅದು ಶಿಷ್ಯರ ಎದೆಯಲ್ಲಿ, ಹಸ್ತಪ್ರತಿಗಳಲ್ಲಿ, ಬೀಸುಕಲ್ಲಿನ ಹಾಡುಗಳಲ್ಲಿ ಮುಂದೆ ಸಾಗಿತು. 20ನೇ ಶತಮಾನದಲ್ಲಿ ಮೌಲ್ವಿ ಅಬ್ದುಲ್ ಹಖ್ ಅವರಂಥ ವಿದ್ವಾಂಸರು ಉರ್ದುವಿನ ಹುಟ್ಟನ್ನು ಹುಡುಕುತ್ತ ಹೋದಾಗ ಈ ಸೂಫಿಗಳ ಬಳಿಗೇ ಬರಬೇಕಾಯಿತು.

ನಮ್ಮ ಮನೆಯ ಮಾತು

ಇಲ್ಲಿ ನನ್ನದೊಂದು ಮಾತು ಹೇಳಿಕೊಳ್ಳಬೇಕು. ನಮ್ಮ ಮನೆಯಲ್ಲಿ ಆಡುವುದು ಉರ್ದು, ಆದರೆ ಪುಸ್ತಕದ ಉರ್ದು ಅಲ್ಲ. ನಕ್ಕೋ, ಕೈಕು, ಹೌ ಎನ್ನುವ ದಖ್ಖನಿ. ಒಮ್ಮೆ ಒಂದು ಮದುವೆಯಲ್ಲಿ ಬೇರೆ ಊರಿನಿಂದ ಬಂದಿದ್ದ ನನ್ನ ವಯಸ್ಸಿನವರು ನನ್ನ ಮಾತು ಕೇಳಿ ನಕ್ಕರು. ಅದು ಉರ್ದುವೇ ಅಲ್ಲ ಎಂದರು. ಆ ದಿನ ಪೂರ್ತಿ ನಾನು ಬಾಯಿ ಬಿಡಲಿಲ್ಲ. ಇತ್ತ ಕನ್ನಡದಲ್ಲಿ ಮಾತಾಡಿದರೆ ನಮ್ಮ ಉಚ್ಚಾರಕ್ಕೆ ನಗುವವರೂ ಇದ್ದಾರೆ. ಎರಡೂ ಕಡೆ ಕೀಳು ಎನ್ನಿಸಿಕೊಂಡ ಹಾಗೆ ಆಗಿತ್ತು.

ಯಾವ ಮಾತಿಗೆ ಅವರು ನಕ್ಕರೋ ಅದೇ ಮಾತಿನಲ್ಲಿ ಮೂರು ತಲೆಮಾರಿನ ಸೂಫಿಗಳು ಅಲ್ಲಾಹನ ಬಗ್ಗೆ ಬರೆದರು ಎಂದು ಗೊತ್ತಾದಾಗ ನನಗೆ ಮೊದಲು ಬಂದದ್ದು ಹೆಮ್ಮೆ. ಮುಂದಿನ ಸಲ ಯಾರಾದರೂ ನಕ್ಕರೆ ಇದನ್ನು ಹೇಳಿ ಬಾಯಿ ಮುಚ್ಚಿಸಬೇಕು ಎಂದುಕೊಂಡೆ. ಸ್ವಲ್ಪ ದಿನ ಕಳೆದ ಮೇಲೆ ನನಗೇ ನಗು ಬಂತು. ‘ನಾನು’ ಎಂಬುದನ್ನು ಬಿಡಿ ಎಂದವರ ಕಥೆಯನ್ನು ಓದಿ ನನ್ನ ‘ನಾನು’ ಇನ್ನೂ ದಪ್ಪವಾಗಿತ್ತು.

ಆಗ ಅವರ ಭಾಷೆಯ ಆಯ್ಕೆಯನ್ನು ಬೇರೆ ರೀತಿಯಲ್ಲಿ ನೋಡಿದೆ. ಅವರಿಗೆ ಫಾರಸಿ ಗೊತ್ತಿತ್ತು. ಫಾರಸಿಯಲ್ಲಿ ಬರೆದಿದ್ದರೆ ವಿದ್ವಾಂಸ ಎಂಬ ಗೌರವ ಸಿಗುತ್ತಿತ್ತು. ಓದಿದವನ ಅಹಂಕಾರ ಹೆಚ್ಚಾಗಿ ಅವನ ಭಾಷೆಯಲ್ಲೇ ಅಡಗಿರುತ್ತದೆ. ಅವರು ಆ ಗೌರವವನ್ನು ಬಿಟ್ಟು, ಬೀಸುವ ಹೆಂಗಸಿಗೆ ತಿಳಿಯುವ ಮಾತಿಗೆ ಇಳಿದರು. ಧ್ಯಾನದಲ್ಲಿ ‘ನಾನು’ ನಿಜವಾಗಿ ಕರಗಿದೆಯೋ ಇಲ್ಲವೋ ಎಂದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಧ್ಯಾನದಿಂದ ಎದ್ದ ಮೇಲೆ ಆ ಮನುಷ್ಯ ಯಾರ ಕಡೆಗೆ ನಡೆಯುತ್ತಾನೆ ಎಂಬುದರಿಂದ ಗೊತ್ತಾಗುತ್ತದೆ. ಶಾಹಪುರದವರು ಓದು ಬರಹ ಬಾರದವರ ಕಡೆಗೆ ನಡೆದರು.

ಈಗ ನಮಾಜಿನ ಮಾತು. ನಾನು ತಕ್ಬೀರ್ ಹೇಳಿ ಕೈ ಕಟ್ಟಿದ ಕೂಡಲೇ ಅಂಕಗಳು, ಸ್ನೇಹಿತರು, ಯಾರೋ ಆಡಿದ ಮಾತು ಎಲ್ಲವೂ ಬಂದು ಸಾಲಾಗಿ ನಿಲ್ಲುತ್ತವೆ. ಎಷ್ಟು ರಕಾತ್ ಆಯಿತು ಎಂಬುದು ಕೆಲವು ಸಲ ಮರೆತುಹೋಗುತ್ತದೆ. ಅಮೀನುದ್ದೀನರ ಬದುಕನ್ನು ಓದಿದ ಮೇಲೂ ಇದು ನಿಂತಿಲ್ಲ. ಅವರು ಏರಿದ ಮೆಟ್ಟಿಲುಗಳು ನನ್ನಂಥವರಿಗೆ ಬಹಳ ದೂರ. ಆದರೆ ಸಜ್ದಾಕ್ಕೆ ಹೋದಾಗ ಒಂದು ಸಣ್ಣ ಬದಲಾವಣೆ ಆಗಿದೆ. ಹಣೆ ನೆಲಕ್ಕೆ ತಾಗಿದಾಗ, ಈ ಹಣೆಯ ಎಲುಬು ಮಣ್ಣಿನದು, ಅದು ತನ್ನ ಜಾಗಕ್ಕೆ ತಾಗುತ್ತಿದೆ ಎಂದು ನೆನಪಾಗುತ್ತದೆ. ಒಂದೆರಡು ಕ್ಷಣ ಒಳಗಿನ ಗದ್ದಲ ಕಡಿಮೆಯಾಗುತ್ತದೆ. ನಂತರ ಮತ್ತೆ ಶುರುವಾಗುತ್ತದೆ. ಆ ಒಂದೆರಡು ಕ್ಷಣಕ್ಕಾಗಿ ನಾನು ಅವರಿಗೆ ಋಣಿ.

ಗೆಳೆಯರೇ, ಮುಂದಿನ ಸಲ ಗೋಲ್ ಗುಂಬಜ್‌ಗೆ ಹೋದಾಗ ಖಂಡಿತ ನಿಮ್ಮ ಹೆಸರನ್ನು ಕೂಗಿ, ಅದರಲ್ಲಿ ತಪ್ಪಿಲ್ಲ. ಆಮೇಲೆ ಕೂಗಿದ್ದೆಲ್ಲ ನಿಂತು ಗುಮ್ಮಟ ಸುಮ್ಮನಾಗುವವರೆಗೆ ಸ್ವಲ್ಪ ಕಾಯಿರಿ. ಆ ಮೌನದಲ್ಲಿ ಪಶ್ಚಿಮದ ಗುಡ್ಡದಲ್ಲಿ ಮಲಗಿರುವವರನ್ನು ಒಮ್ಮೆ ನೆನೆಯಿರಿ. ಅಲ್ಲಾಹನು ನಮಗೆಲ್ಲರಿಗೂ ಮನಸ್ಸು ನಿಲ್ಲುವಂಥ ನಮಾಜನ್ನೂ, ಇತರರ ಕಡೆಗೆ ನಡೆಯುವ ಕಾಲನ್ನೂ ಕೊಡಲಿ. ಆಮೀನ್.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ